ಎಂಬತ್ತೇಳು ಡಿಗ್ರಿ

ಆಸ್ಪತ್ರೆಯಿಂದ ಮನೆಗೆ, ಲಿಫ್ಟಿಲ್ಲದ ಮೂರನೇ ಮಹಡಿಗೆ,
ಅಡೆಲಿನೊ ಹತ್ತಿ ಬರಲು ಇಪ್ಪತ್ತೈದು ನಿಮಿಷ.
ಹತ್ತುವಾಗ ಒಳ್ಳೆಯ ಕಾಲು ಮೊದಲು,
ಇಳಿಯುವಾಗ ಕೆಟ್ಟದ್ದು ಮೊದಲು
ಎಂದು ಬಾಯಿಪಾಠ ಮಾಡಿಸಿ ಕಳಿಸಿದ್ದರು.
ಎರಡನೇ ಮಹಡಿಯ ತಿರುವಿನಲ್ಲಿ ನಿಂತು ಕೇಳಿದ:
'ಡೆಲ್ಫಿನಾ, ಇವೆರಡರಲ್ಲಿ ಒಳ್ಳೆಯದು ಯಾವುದು?'
ನಲವತ್ತೊಂದು ವರ್ಷದಿಂದ ನಾನೂ ಅದನ್ನೇ ಹುಡುಕುತ್ತಿದ್ದೇನೆ, ಅಂದೆ.
ಕೆಳಗಿನ ಮನೆಯಾಕೆ ಬಾಗಿಲು ತೆರೆದು ನಕ್ಕಳು.

ಲಿಸ್ಬನ್ನಿನ ಅರ್ಧ ಬೀದಿಗಳಿಗೆ ಇವನು ಮಂಡಿಯೂರಿದ್ದಾನೆ.
ದೇವರಿಗೆ ಊರಿದ್ದು ಮದುವೆಯ ದಿನ ಒಮ್ಮೆ,
ಅದೂ ಪಾದ್ರಿ ಕಣ್ಣು ಬಿಟ್ಟ ಮೇಲೆ.
ಬಿಳಿಯ ಸುಣ್ಣಕಲ್ಲು, ಕರಿಯ ಬಸಾಲ್ಟು,
ಅಂಗೈಯಲ್ಲೇ ಟಕ್ಕೆಂದು ಒಡೆದು ಮರಳಲ್ಲಿ ಕೂರಿಸಿ
ಅಲೆ, ಹಡಗು, ಹಗ್ಗದ ಗಂಟು.
ಸಂಜೆ ಬಂದು ಬಲಗಾಲನ್ನು ಕುರ್ಚಿಯ ಮೇಲಿಟ್ಟು
ಯಾರದೋ ಸಾಮಾನೆಂಬಂತೆ ನೋಡುತ್ತಿದ್ದ.
ಈಗ ಒಳಗೆ ಲೋಹವಿದೆ, ಪ್ಲಾಸ್ಟಿಕ್ಕಿದೆ. ಹೊರಗೆ ಇಪ್ಪತ್ತಾರು ಪಿನ್ನು.
'ಕೆಲಸ ಬಿಗಿಯಾಗಿದೆ, ಸಂದು ಮಾತ್ರ ನೇರವಿಲ್ಲ.'
ಗಾಯ ನೋಡಿ ಮೇಸ್ತ್ರಿಯಂತೆ ಹೇಳಿದ.

ರಾತ್ರಿ ಹೊಟ್ಟೆಗೊಂದು ಸೂಜಿ, ರಕ್ತ ಹೆಪ್ಪುಗಟ್ಟದಿರಲು.
ಚುಚ್ಚುವವಳು ನಾನು. ಚರ್ಮ ಚಿವುಟಿ ಹಿಡಿದಾಗ
ಹಳೆಯ ಜಗಳವೊಂದು ನೆನಪಾಗುತ್ತದೆ. ಆದರೂ ಮೆತ್ತಗೇ.
ಫ್ರೀಜರಿನ ಬಟಾಣಿ ಚೀಲದ ಮೇಲೆ 'ಕಾಲಿನದು' ಎಂದು ಬರೆದಿದ್ದೇನೆ,
ಮರೆತು ಮೊಟ್ಟೆಯ ಜೊತೆ ಬೇಯಿಸದಿರಲೆಂದು.
ಮಂಡಿಯ ಕೆಳಗೆ ದಿಂಬಿಡಬಾರದು.
ಅವನಿಗೆ ಬೇಕಾದ ಸುಖ ಅದೊಂದೇ.
ನಡುರಾತ್ರಿ ಕದ್ದು ಇಟ್ಟುಕೊಳ್ಳುತ್ತಾನೆ,
ಕತ್ತಲಲ್ಲೇ ನಾನು ಎಳೆದು ಹಾಕುತ್ತೇನೆ.
ಮಾತಿಲ್ಲ. ದಿಂಬು ಹೋಗುತ್ತದೆ, ಬರುತ್ತದೆ.

ಮಂಗಳವಾರ, ಶುಕ್ರವಾರ ಇವಾನಿಲ್ಡಾ ಬರುತ್ತಾಳೆ,
ಕೇಪ್ ವರ್ಡಿಯವಳು. ಕೈಯಲ್ಲಿ ಕೋನ ಅಳೆಯುವ ಪಟ್ಟಿ,
ಬಾಯಲ್ಲಿ ಕರುಣೆಯಿಲ್ಲ.
ಹಿಮ್ಮಡಿಗೆ ಪ್ಲಾಸ್ಟಿಕ್ ಚೀಲ ಕೊಟ್ಟು ಜಾರಿಸು ಅನ್ನುತ್ತಾಳೆ;
ಹಾಸಿಗೆಯ ಮೇಲೆ ಚರಚರ,
ಸಂತೆಯಿಂದ ಯಾರೋ ಬಂದ ಸದ್ದು.
ಎಪ್ಪತ್ತೆರಡು. ಎಪ್ಪತ್ತೊಂಬತ್ತು.
ಎಂಬತ್ತೇಳಕ್ಕೆ ಬಂದು ನಿಂತಿತು, ಎಂಟು ದಿನ ನಿಂತಿತು.
ತೊಂಬತ್ತಾಗದೆ ಕಕ್ಕಸಿನಲ್ಲೂ ನೆಮ್ಮದಿಯಿಲ್ಲ, ಎಂದು ಹೋದಳು.
ಜೀವಮಾನವಿಡೀ ಮೂಲೆಮಟ್ಟ ಹಿಡಿದವನು
ತನ್ನ ಕಾಲಿನ ಮೂಲೆಗೆ ಮೂರು ಡಿಗ್ರಿ ಕಡಿಮೆಯೆಂದು
ಗೋಡೆಗೆ ಮುಖ ಮಾಡಿ ಅತ್ತ.
ಅಡುಗೆಮನೆಯಲ್ಲಿ ನಾನು ನಲ್ಲಿ ಬಿಟ್ಟೆ, ಕೇಳಿಸದಿರಲೆಂದು,
ಅಥವಾ ಕೇಳಿಸಲಿಲ್ಲವೆಂದು ಅವನಿಗೆ ತಿಳಿಯಲೆಂದು.

ಗಾಯದ ಹೊರಬದಿಗೆ ಅಂಗೈಯಗಲ ಚರ್ಮ ಮರಗಟ್ಟಿದೆ.
ಎಣ್ಣೆ ತಿಕ್ಕುತ್ತ ಕೇಳುತ್ತೇನೆ: ಇಲ್ಲಿ? 'ಇಲ್ಲ.' ಇಲ್ಲಿ? 'ಇಲ್ಲ.'
ಇಲ್ಲಿ?
'ಪಕ್ಕದ ಕೋಣೆಯಲ್ಲಿ ಯಾರೋ ನಡೆದ ಹಾಗೆ.'

ತೊಂಬತ್ತು ಯಾವತ್ತು ದಾಟಿತೋ, ನೆನಪಿಲ್ಲ.
ಆರನೇ ವಾರ ಬೀದಿಗಿಳಿದೆವು. ಕೆಟ್ಟದ್ದು ಮೊದಲು.
ಮೂವತ್ತು ವರ್ಷದ ಹಿಂದೆ ಅವನೇ ಹಾಸಿದ ಕಲ್ಲು
ಸವೆದು ನುಣುಪಾಗಿ, ಹಾವಸೆ ಹಿಡಿದಂತೆ ಜಾರುತ್ತದೆ.
'ಯಾವ ಮುಠ್ಠಾಳ ಹಾಸಿದ್ದು' ಎಂದು ಬೈದು ತಾನೇ ನಕ್ಕ.
ಬೇಕರಿಯ ಮುಂದೆ ಒಂದು ಬಿಳಿಕಲ್ಲು ಎದ್ದು ಬಿದ್ದಿತ್ತು,
ಪಕ್ಕದಲ್ಲಿ ಹಲ್ಲು ಕಿತ್ತಂಥ ಗುಳಿ.
ಅವನ ಕೈ ತಾನಾಗಿ ಕೆಳಗೆ ಹೋಯಿತು. ಕಾಲು ಹೋಗಲಿಲ್ಲ.
ಇನ್ನು ಮಂಡಿಯೂರುವಂತಿಲ್ಲ ಎಂದು ಬರೆದೇ ಕೊಟ್ಟಿದ್ದಾರೆ.
ಊರುಗೋಲಿಗೆ ಒರಗಿ ನಿಂತೇ ಇದ್ದ, ಜನ ದಾಟಿ ಹೋದರು.
ಬ್ರೆಡ್ಡಿನ ಚೀಲ ಕೆಳಗಿಟ್ಟು ನಾನು ಕುಕ್ಕರಿಸಿದೆ.
'ಹಾಗಲ್ಲ, ಮುಖ ಮೇಲೆ. ತಿರುಗಿಸು. ಇನ್ನೊಂಚೂರು.
ಒತ್ತಬೇಡ, ಕಲ್ಲಿಗೇ ಗೊತ್ತಿರುತ್ತದೆ.'
ಕೂತಿತು. ರಬ್ಬರಿನ ತುದಿಯಿಂದ ಎರಡು ಸಲ ತಟ್ಟಿದ.

ಏಳುವಾಗ ನನ್ನ ಮಂಡಿ ಲಟಕ್ಕೆಂದಿತು. ಇಬ್ಬರಿಗೂ ಕೇಳಿಸಿತು.
'ಮರಳಿಲ್ಲದೆ ನಿಲ್ಲುವುದಿಲ್ಲ, ನಾಳೆ ಮತ್ತೆ ಏಳುತ್ತದೆ' ಅಂದ.
ಏಳಲಿ ಬಿಡು,
ನಾಳೆಯೂ ನಡೆಯಬೇಕಲ್ಲ.